ಹಿಮನದಿ ಸರಿದ ಮೇಲಿನ ನೆಲ

1991ರ ಡಿಸೆಂಬರ್. ಯುದ್ಧ ಮುಗಿದು ಕುವೈತ್ ಸಿಟಿಯ ಶಾಲೆ ಮತ್ತೆ ತೆರೆದಿತ್ತು. ಮಂಗಳೂರಿನ ಇಸಾಬೆಲ್ ಏಳನೆಯ ತರಗತಿಗೆ ಹಿಮನದಿಯ ಪಾಠ ಮಾಡುತ್ತಿದ್ದಳು. ಫ್ರಿಜ್ಜಿನ ಐಸು ಬಿಟ್ಟರೆ ಬೇರೆ ಹಿಮ ಕಾಣದ ಮಕ್ಕಳು.

"ಹಿಮ ಹಿಂದೆ ಸರಿದಾಗ ಉಳಿಯುವುದು ಬರೀ ಬಂಡೆ, ಜಲ್ಲಿ. ಗುಂಡಿಗಳಲ್ಲಿ ನೀರು ನಿಂತು ಕೆರೆಯಾಗ್ತದೆ. ಬಂಡೆಗೆ ಮೊದಲು ಕಲ್ಲುಹೂ ಹಿಡೀತದೆ. ಆಮೇಲೆ ಪಾಚಿ, ಹುಲ್ಲು, ಕೊನೆಗೆ ಮರ."

"ಅದಕ್ಕೆ ಎಷ್ಟು ವರ್ಷ ಬೇಕು, ಮಿಸ್?" ಅಕ್ಷಿತಾ ಎಂಬ ಹುಡುಗಿ ಕೇಳಿದಳು.

"ಕಾಡಾಗ್ಲಿಕ್ಕೆ ನೂರು, ಇನ್ನೂರು ವರ್ಷ."

ಹೇಳಿದ್ದೇ ಇಸಾಬೆಲ್‌ಗೆ ಮನೆಯಲ್ಲೇ ಉಳಿದ ಗಂಡನ ನೆನಪಾಯಿತು. ಮೈಕಲ್ ಕುವೈತಿನ ದಕ್ಷಿಣದ ವಫ್ರಾದಲ್ಲಿ ತೋಟವೊಂದರ ಮೇಲ್ವಿಚಾರಕ. ಇರಾಕಿ ಸೈನ್ಯ ಹಿಂದೆ ಸರಿಯುವಾಗ ಎಣ್ಣೆಬಾವಿಗಳಿಗೆ ಬೆಂಕಿಯಿಟ್ಟಿತ್ತು; ತಿಂಗಳುಗಟ್ಟಲೆ ಮಸಿ, ಎಣ್ಣೆ ನೆಲದ ಮೇಲೆಲ್ಲ ಸುರಿದಿತ್ತು. ಬೆಂಕಿ ಆರಿ ತಿಂಗಳಾದರೂ ಅವನು ತೋಟಕ್ಕೆ ಕಾಲಿಟ್ಟಿರಲಿಲ್ಲ. ಕಫೀಲ್‌ನ, ಅಂದರೆ ವೀಸಾ ಕೊಟ್ಟು ಕರೆಸಿದ್ದ ಒಡೆಯನ, ಫೋನ್ ಎತ್ತುತ್ತಿರಲಿಲ್ಲ. ದಿನವಿಡೀ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದ.

"ನಡೀರಿ, ನೋಡಿಯಾದ್ರೂ ಬರುವ," ಎಂದಳು ರಜೆಯ ಶುಕ್ರವಾರ.

"ಎಂತ ನೋಡ್ಲಿಕ್ಕುಂಟು? ಮಣ್ಣು ಸತ್ತಿದೆ ಮಾರಾಯ್ತಿ."

"ಸತ್ತದ್ದನ್ನಾದ್ರೂ ಒಮ್ಮೆ ನೋಡ್ಬೇಕಲ್ಲ?"

ದಾರಿಯ ಎರಡೂ ಕಡೆ ಮರಳು ಡಾಂಬರಿನಂತೆ ಕಪ್ಪಗೆ ಗಟ್ಟಿಯಾಗಿತ್ತು. ಒಂದೆಡೆ ಕೆರೆ ಹೊಳೆಯಿತು. ದಡದಲ್ಲಿ ಹಕ್ಕಿಯೊಂದು ರೆಕ್ಕೆ ಬಡಿಯುತ್ತಿತ್ತು. "ಕಾರು ನಿಲ್ಲಿಸಿ" ಎಂದವಳೇ ಇಸಾಬೆಲ್ ಬಾಗಿಲು ತೆರೆದಳು. ಮೈಕಲ್ ಅವಳ ರಟ್ಟೆ ಹಿಡಿದ.

"ಇಳೀಬೇಡ! ರಸ್ತೆ ಬಿಟ್ರೆ ಸೈನ್ಯದವರು ಹುಗಿದ ಮೈನ್ ಉಂಟು, ಕಾಲಿಟ್ರೆ ಸಿಡೀತದೆ. ಅದು ನೀರಲ್ಲ, ಎಣ್ಣೆ."

ನೀರೆಂದು ಇಳಿದ ಎಷ್ಟೋ ಹಕ್ಕಿಗಳು ಅಲ್ಲಿ ಅಂಟಿಕೊಂಡು ಸತ್ತಿದ್ದವು. ಆ ಒಂದನ್ನು ಹಾಗೆಯೇ ಬಿಟ್ಟು ಹೋಗಬೇಕಾಯಿತು.

ತೋಟದಲ್ಲಿ ಮೈನ್‌ಗಳನ್ನು ತೆಗೆದಿದ್ದರು. ಹಸಿರುಮನೆಗಳ ಕಬ್ಬಿಣದ ಕಮಾನುಗಳಷ್ಟೇ ನಿಂತಿದ್ದವು. ಮೈಕಲ್ ಕುಕ್ಕರಗಾಲಲ್ಲಿ ಕೂತು ಸ್ಕ್ರೂಡ್ರೈವರಿನಿಂದ ನೆಲ ಮೀಟಿದ. ಕಪ್ಪು ಪದರ ಹೆಂಚಿನ ಚೂರಿನಂತೆ ಎದ್ದು ಬಂತು. ಎರಡು ಬೆರಳಿನಷ್ಟು ಕೆಳಗೆ ಹಳದಿ ಮರಳು! ಹಿಡಿಯಲ್ಲಿ ತೆಗೆದು ಮೂಸಿದ. ಮತ್ತೊಂದು ಕಡೆ ಮೀಟಿದ, ಮಗದೊಂದು ಕಡೆ.

"ಒಂದು ಸಾಲು ಕೆರೆದು ನೋಡುವ," ಎಂದ.

ಮರುದಿನದಿಂದ ಅವನು ತೋಟದಲ್ಲೇ ಉಳಿದ. ಒಂದು ಸಾಲು ಕೆರೆದು, ಗೊಬ್ಬರ ಬೆರೆಸಿ, ಮೂಲಂಗಿ ಬಿತ್ತಿದ. ಆರನೆಯ ದಿನ ಮೊಳಕೆ ಬಂತು. ಆದರೆ ಎರಡು ವಾರದ ಮೇಲೆ ಒಂದು ಶುಕ್ರವಾರ ಇಸಾಬೆಲ್ ಹೋದಾಗ, ಹಿಂದಿನ ದಿನದ ಗಾಳಿ ಸುತ್ತಲಿನ ನೆಲದ ಮಸಿ ಎಬ್ಬಿಸಿ ಸಾಲಿಗೆಲ್ಲ ಸುರಿದಿತ್ತು. ಮೈಕಲ್ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಿದ್ದ.

"ನಾಳೆ ಪುನಃ ಗಾಳಿ ಬಂದ್ರೆ?"

"ಪುನಃ ಒರೆಸುವುದು. ನೀನು ಆ ಕಡೆಯಿಂದ ಸುರು ಮಾಡು."