ಪ್ಲಾಸ್ಟಿಕ್ಕಿನೊಳಗಿನ ಕೂದಲು

ಕೂದಲು, ಒಂದೇ ಒಂದು ಬಿಳಿ ಕೂದಲು, ಫೋಟೋದ ಹಣೆಯ ಮೇಲೆ ಅಡ್ಡ ಬಿದ್ದಿದೆಯಲ್ಲ ಎಂದು ಹರ್ಮಿನಿಯಾ ಉಗುರಿನಿಂದ ತಳ್ಳಿದಳು, ಬರಲಿಲ್ಲ, ಬರುವುದಿಲ್ಲವೆಂದು ಗೊತ್ತಿದ್ದೂ ತಳ್ಳಿದಳು — ಅದು ಪ್ಲಾಸ್ಟಿಕ್ಕಿನ ಮೇಲಿಲ್ಲ, ಒಳಗಿದೆ, ಹತ್ತು ವರ್ಷದಿಂದ ಒಳಗಿದೆ, ಅಮ್ಮನ ತಲೆಯಿಂದ ಉದುರಿದ್ದು, ಲ್ಯಾಮಿನೇಶನ್ ಅಂಗಡಿಯ ಬಿಸಿ ಉರುಳೆಗಳ ನಡುವೆ ಕಾಗದದ ಜೊತೆ ತಾನೂ ಒಳಹೊಕ್ಕು ಕೂತದ್ದು, ಸರಿಯಿರಿ ಸರಿಯಿರಿ, ಮುಂದಿನ ಕುರ್ಚಿ ಖಾಲಿಯಾಯಿತು, ಮಾಲಿನ ಮೇಲ್ಮಹಡಿಯ ಈ ಪಾಸ್‌ಪೋರ್ಟ್ ಕಚೇರಿಯಲ್ಲಿ ಒಬ್ಬರು ಎದ್ದರೆ ಇಡೀ ಸಾಲು ಒಂದೊಂದು ಕುರ್ಚಿ ಮುಂದೆ ಸರಿಯಬೇಕು, ಇನ್ನೊಬ್ಬರು ಕಾಯಿಸಿಟ್ಟ ಸೀಟಿನ ಮೇಲೆ ಕೂರಬೇಕು, ಕೆನಡಾದಲ್ಲಿ ಮಂಜಿನ ದಿನ ಬಸ್ಸಿನಲ್ಲಿ ಇಂಥ ಬಿಸಿ ಸೀಟು ಸಿಕ್ಕರೆ ಪುಣ್ಯ, ಇಲ್ಲಿ ಹುಟ್ಟೂರು ಇಲೋಯಿಲೋದ ಸೆಖೆಯಲ್ಲಿ ಮಾತ್ರ ಬಾಣಲೆಗೆ ಇಳಿದ ಹಾಗೆ, ಮತ್ತೆ ಆ ಧ್ವನಿವರ್ಧಕದ ಹುಡುಗಿ, ಮುಂದಿ-ನ-ವ-ರೂ, ಊರವರೆಲ್ಲ ಹೀಗೆಯೇ, ಬೈದರೂ ತೊಟ್ಟಿಲು ತೂಗಿದ ಹಾಗಿರುತ್ತದೆ, ಮುಂದಿ-ನ-ವ-ರೂ ಎಂದು ಹರ್ಮಿನಿಯಾ ಮೆಲ್ಲಗೆ ಅಣಕಿಸಿದಳು, ಪಕ್ಕದಲ್ಲಿದ್ದ ತಂಗಿ ಸಿಯೋನಿ ಮೊಣಕೈಯಿಂದ ತಿವಿದಳು, ಮನಾಂಗ್, ಅಕ್ಕಾ, ಬಾಯಿ ಮುಚ್ಚು, ಅವರ ಕೈಲಿ ಕೆಲಸ ಆಗ್ಬೇಕಿರೋದು ನಿಂಗೆ, ಅವರಿಗಲ್ಲ.

ನಿಜವೇ, ಕೆಲಸ ತನ್ನದೇ. ಅಕ್ಕನಿಗೆ ಬುದ್ಧಿ ಹೇಳುವ ಪುಣ್ಯ ಮಾತ್ರ ಸಿಯೋನಿಯದು, ಮನೆಯಿಂದ ಬಿಬಿಂಕಾ ಕಟ್ಟಿ ತಂದಿದ್ದಾಳೆ, ಬಾಳೆ ಎಲೆಯ ಸುಟ್ಟ ವಾಸನೆ ಚೀಲದಿಂದ ಬರುತ್ತಿದೆ, ಹಿಂದಿನ ಕುರ್ಚಿಯ ಹೆಂಗಸು ಆ ವಾಸನೆ ಹಿಡಿದು ಮಾತು ಶುರುಮಾಡಿದಳು, ಅಕ್ಕಿ ಹಿಟ್ಟಿನದಾ ತಾಯಿ, ಪುಣ್ಯವಂತರು, ಈಗಿನ ಅಕ್ಕಿ ರೇಟಲ್ಲಿ ನಾವು ಅನ್ನ ನೋಡಿ ಮೂಸಿ ಬಿಡ್ತೀವಿ, ಅವಳ ಪಕ್ಕದ ಟೋಪಿಯ ಗಂಡಸು ಜೀಪ್ನಿ ಗಾಡಿಯ ಮಾತಿಗೆ ಹಾರಿದ, ಹಳೇ ಜೀಪ್ನಿ ತೆಗೆದು ಏಸಿ ಬಸ್ ಬಿಡ್ತಾರಂತೆ, ಏಸಿ ತಂಪಿಗೆ ಹೊಟ್ಟೆ ತುಂಬ್ತದಾ, ಹರ್ಮಿನಿಯಾಳ ನಾಲಿಗೆ ತುರಿಸಿತು, ಜೀಪ್ನಿಯ ಬಗ್ಗೆ ಅವಳಿಗೊಂದು ಅಭಿಪ್ರಾಯವಿದೆ, ಅಕ್ಕಿಯ ಬಗ್ಗೆ ಎರಡಿವೆ, ಚರಂಡಿಯ ಬಗ್ಗೆಯಂತೂ ಒಂದು ಪುರಾಣವೇ ಇದೆ, ನಮ್ಮ ಓಣಿಯ ಚರಂಡಿ ಚುನಾವಣೆ ಬಂದಾಗಷ್ಟೇ ಬಸಿರಾಗುತ್ತದೆ, ಜಲ್ಲಿ ಬರುತ್ತದೆ, ಮರಳು ಬರುತ್ತದೆ, ಸೀಮಂತದ ಹಾಗೆ ಬ್ಯಾನರ್ ಬರುತ್ತದೆ, ಆಮೇಲೆ ಹೆರಿಗೆಯೇ ಆಗುವುದಿಲ್ಲ, ಈ ಮಾತನ್ನು ಸಿಯೋನಿಯ ಅಂಗಡಿಯ ಬೆಂಚಿನ ಮೇಲೆ ಹೇಳಿದಾಗ ಜನ ಕಾಫಿ ಉಗುಳಿಕೊಂಡು ನಕ್ಕಿದ್ದರು, ಅದೇ ಮಾತನ್ನು ಓಣಿಯ ಸಭೆಯಲ್ಲಿ ಎದ್ದು ನಿಂತು ಹೇಳಹೊರಟಾಗ —

ಆಗ ವಾರ್ಡ್ ಸದಸ್ಯ ತಿಮೋತಿಯೋ ಮೈಕು ಕೈಲಿ ಹಿಡಿದೇ ಮುಗುಳ್ನಕ್ಕ, ಗಂಟಲಿಗೆ ಜೇನು ಸುರಿದುಕೊಂಡವನ ಹಾಗೆ, ಮನಾಂಗ್, ಮೊದ್ಲು ಇಲ್ಲಿಯೋರು ಮಾತಾಡ್ಲಿ, ನೀವು ನಮ್ಮ ಅತಿಥಿ, ನಿಮ್ಮ ಇಲ್ಲಿನ ಪಾಸ್‌ಪೋರ್ಟು ಡೇಟ್ ಮುಗಿದೋಗಿದೆಯಂತಲ್ಲ, ಡೇಟ್ ಮುಗಿದ ಹಾಲನ್ನೂ ನಾವು ಕುಡಿಯಲ್ಲ, ಸಭೆ ಗೊಳ್ಳೆಂದಿತು, ಪಾಸ್‌ಪೋರ್ಟಿಗೆ ಮುಪ್ಪು ಬಂದರೆ ನಾಗರಿಕತ್ವಕ್ಕೆ ಸಾವು ಬರುವುದಿಲ್ಲ ಕಣಪ್ಪಾ ಎಂಬ ಮಾತು ಅವಳಿಗೆ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ, ಊರಿಗೆಲ್ಲ ಉತ್ತರ ಕೊಡುವವಳು ಅಲ್ಲಿ ತಾನಾಗಿ ಕೂತುಬಿಟ್ಟಿದ್ದಳು, ಕೂತದ್ದೇ ತಪ್ಪಾಯಿತು, ಅವತ್ತಿನಿಂದ ಬೆಂಚಿನ ಮೇಲೂ ಅವಳು ಬಾಯಿ ತೆರೆದರೆ ಯಾರಾದರೊಬ್ಬರು ಡೇಟ್ ನೋಡಿ ಡೇಟ್ ನೋಡಿ ಎನ್ನುತ್ತಾರೆ, ಇವತ್ತು ಸಂಜೆ ಮತ್ತೆ ಸಭೆ, ಇವತ್ತು ಇಲ್ಲಿಂದ ನವೀಕರಣದ ರಸೀದಿ ಹಿಡಿದು ಹೋದರೆ ಸರಿ, ಬರಿಗೈಲಿ ಹೋದರೆ ಆ ಜೇನುಗಂಟಲಿನವನ ಮಾತೇ ನಿಂತುಬಿಡುತ್ತದೆ, ತಾನು ಈ ಊರಿನಲ್ಲಿ ಹುಟ್ಟಿದವಳೆಂಬುದು ಉಳಿದವರ ಪಾಲಿಗೆ ಒಂದು ಅಭಿಪ್ರಾಯವಾಗಿಬಿಡುತ್ತದೆ ಅಷ್ಟೆ.

ಎರಡು ಪಾಸ್‌ಪೋರ್ಟು, ಒಂದೇ ಪೆಟ್ಟಿಗೆಯಲ್ಲಿ ಇಬ್ಬರು ಸವತಿಯರನ್ನು ಇಟ್ಟ ಹಾಗೆ, ಒಬ್ಬಳನ್ನು ಹೊರತೆಗೆದರೆ ಇನ್ನೊಬ್ಬಳು ಮುಖ ಊದಿಸುತ್ತಾಳೆ, ಕೆನಡಾದವಳು ನೀಲಿ, ಇಲ್ಲಿಯವಳು ಕಂದು ಕೆಂಪು, ಇಲ್ಲಿಯವಳನ್ನು ನವೀಕರಿಸಬೇಕಾದರೆ ಹಳೆಯ ಪುಸ್ತಕದ ಜೊತೆ ಈ ಪ್ರಮಾಣಪತ್ರದ ಮೂಲಪ್ರತಿಯೂ ಬೇಕು, ಕೆನಡಾದ ಪ್ರಜೆಯಾಗಿ ಹೋದವಳು ಮರಳಿ ಈ ನೆಲದ ಪ್ರಜೆಯಾಗಿದ್ದಾಳೆ ಎಂದು ಫೋಟೋ, ಹೆಬ್ಬೆಟ್ಟು, ಉಬ್ಬು ಮೊಹರಿನ ಸಮೇತ ಬರೆದುಕೊಟ್ಟದ್ದು, ಅವತ್ತು ಕೈಯೆತ್ತಿ ಪ್ರತಿಜ್ಞೆ ಹೇಳಿ ಬಂದಾಗ ಅಮ್ಮ ಅಂಗಳದಲ್ಲೇ ನಿಂತಿದ್ದಳು, ಕೊಡಿಲ್ಲಿ, ಕೊಳೆ ಆಗ್ತದೆ, ಕಾಫಿ ಬೀಳ್ತದೆ, ಗೆದ್ದಲು ಹಿಡೀತದೆ, ಮಧ್ಯಾಹ್ನದೊಳಗೆ ಕಾಗದ ಪ್ಲಾಸ್ಟಿಕ್ಕಿನೊಳಗೆ ಸೇರಿತ್ತು, ಅಮ್ಮ ಹಾಗೆಯೇ, ದೀಕ್ಷಾಸ್ನಾನದ ಚೀಟಿ, ಶಾಲೆಯ ಪದವಿಪತ್ರ, ಕೆನಡಾದಿಂದ ಪತ್ರದೊಳಗಿಟ್ಟು ಕಳಿಸಿದ ಕೆಂಪು ಎಲೆ, ಎಲ್ಲಕ್ಕೂ ಲ್ಯಾಮಿನೇಶನ್, ಆ ಮನೆಯಲ್ಲಿ ಲ್ಯಾಮಿನೇಶನ್ ಆಗದೆ ಉಳಿದದ್ದು ಅಪ್ಪ ಒಬ್ಬನೇ, ಅವನೂ ತುಸು ಹೊತ್ತು ಅಲುಗಾಡದೆ ಮಲಗಿದ್ದರೆ ಹೇಳಲಿಕ್ಕಾಗುತ್ತಿರಲಿಲ್ಲ.

ಬೆಳಗ್ಗೆ ಕೆಳಮಹಡಿಯ ಜೆರಾಕ್ಸ್ ಅಂಗಡಿಯವಳೂ ಉಗುರಿನಿಂದ ತಳ್ಳಿದ್ದಳು, ಕೂದಲು ಬಿದ್ದಿದೆ ನೋಡಿ ಎಂದು, ಅಯ್ಯೋ ಒಳಗಿದೆಯಾ, ಅದಿರ್ಲಿ, ಪ್ಲಾಸ್ಟಿಕ್ ಹಾಕಿಸಿದ್ದನ್ನ ಮೇಲೆ ತಗೊಳಲ್ಲ ತಾಯಿ, ಮೊಹರು ಚಪ್ಪಟೆ ಆಗಿರ್ತದೆ, ಅಸಲಿಯೋ ನಕಲಿಯೋ ಅವರಿಗೆ ಹೆಂಗೆ ಗೊತ್ತಾಗ್ಬೇಕು, ಇಸ್ತ್ರಿಪೆಟ್ಟಿಗೆ ಇಟ್ಟಿದೀನಿ, ಬಿಸಿ ಮಾಡಿ ಮೆಲ್ಲಗೆ ಎಳ್ದುಬಿಡ್ತೀನಿ, ಕಾಗದ ಉಳೀತದೆ — ಮತ್ತೆ ಕೂದಲು? — ಕೂದಲಾ? ಅವಳು ಹರ್ಮಿನಿಯಾಳನ್ನು ನೋಡಿದ ನೋಟ, ಕೂದಲು ಪ್ಲಾಸ್ಟಿಕ್ ಜೊತೆ ಕಿತ್ತು ಬರ್ತದೆ, ಒಳ್ಳೇದೇ ಆಯ್ತಲ್ಲ, ಸಿಯೋನಿಯೂ ಅವಳ ಜೊತೆ ಸೇರಿಕೊಂಡಳು, ಎಳೆಸು ಮನಾಂಗ್, ಅಮ್ಮನ ಬಾಚಣಿಗೆ ಮನೇಲಿದೆ, ಇದಕ್ಕೆ ಪಾಸ್‌ಪೋರ್ಟ್ ಕಳ್ಕೊಂತೀಯಾ, ಬಾಚಣಿಗೆ ಇದೆ, ಆದರೆ ಅದನ್ನು ಸಿಯೋನಿಯೇ ತೊಳೆದಿಟ್ಟಿದ್ದಾಳೆ, ಅಂತ್ಯಕ್ರಿಯೆಯ ಮರುದಿನವೇ, ಸೋಪು ಹಾಕಿ, ಚೊಕ್ಕಟವಾಗಿ, ಅದರ ಹಲ್ಲುಗಳ ನಡುವೆ ಈಗ ಏನೂ ಇಲ್ಲ, ಈ ಮಾತನ್ನು ತಂಗಿಗೆ ಹೇಳಿದರೆ ಮನೆ ಸೇರುವವರೆಗೂ ಅಳುತ್ತಾಳೆ, ಹಾಗಾಗಿ ಬೇಡ ಬಿಡು ಎಂದಷ್ಟೇ ಹೇಳಿ ಪ್ಲಾಸ್ಟಿಕ್ಕಿನ ಸಮೇತ ಮೇಲೆ ಹತ್ತಿ ಬಂದಳು, ಎಸ್ಕಲೇಟರ್ ಏರುತ್ತಿತ್ತು, ಎದೆ ಇಳಿಯುತ್ತಿತ್ತು.

ಮುಂದಿ-ನ-ವ-ರೂ. ಈಗ ಅವಳದೇ ಸರದಿ. ಕಿಟಕಿಯ ಹಿಂದೆ ಇಷ್ಟುದ್ದ ಉಗುರಿನ ಹುಡುಗಿ, ಕೀಲಿಮಣೆಯ ಮೇಲೆ ಆ ಉಗುರುಗಳು ಕೋಳಿ ಕಾಳು ಹೆಕ್ಕಿದ ಹಾಗೆ, ಕೂತ್ಕೊಳಿ ಅಮ್ಮಾ, ಎರಡೂ ದೇಶದವರಾ, ಎರಡೂ ಕಡೆ ತೆರಿಗೆ ಕಟ್ಟಿದವಳು ಮಗಳೇ ಎಂದಳು ಹರ್ಮಿನಿಯಾ, ಹುಡುಗಿ ನಗಲಿಲ್ಲ, ಹಳೆಯ ಪಾಸ್‌ಪೋರ್ಟು ತಿರುವಿದಳು, ಪ್ರಮಾಣಪತ್ರ ಎತ್ತಿದಳು, ಉಗುರಿನಿಂದ ಕೂದಲನ್ನು ತಳ್ಳಿದಳು, ಇನ್ನೊಮ್ಮೆ ತಳ್ಳಿದಳು, ಇದು ಲ್ಯಾಮಿನೇಟ್ ಆಗಿದೆ, ಯಾರು ಮಾಡಿಸಿದ್ದು, ನಮ್ಮಮ್ಮ, ಲ್ಯಾಮಿನೇಟ್ ಮಾಡಿಸ್ಬಾರ್ದು ಅಂತ ಹೇಳಿರ್ಲಿಲ್ವಾ, ಹೇಳಿದ್ರು, ನನಗೆ ಹೇಳಿದ್ರು, ಅಮ್ಮಂಗೆ ಹೇಳೋ ಧೈರ್ಯ ಯಾರಿಗಿತ್ತು, ಹುಡುಗಿ ಬೆರಳಿನಿಂದ ಮೊಹರಿನ ಜಾಗ ಸವರಿದಳು, ಹುಬ್ಬು ಗಂಟಿಕ್ಕಿದಳು, ಒಂದ್ನಿಮಿಷ, ಎದ್ದು ಹೋದಳು, ಒಳಗೆ ಗಾಜಿನಾಚೆ ಒಬ್ಬ ಬೋಳುತಲೆಯ ಮೇಲಧಿಕಾರಿ, ನೋಡು, ಅವನಿಗೆ ಒಂದು ಕೂದಲೂ ಇಲ್ಲ, ಅವನಿಗೇನು ಗೊತ್ತಾಗುತ್ತದೆ ಕೂದಲಿನ ಬೆಲೆ, ಅಯ್ಯೋ ಈ ಹೊತ್ತಿನಲ್ಲೂ ತಮಾಷೆ, ಕೆನಡಾದ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗಲೂ ಹೀಗೆಯೇ, ಹೆದರಿಕೆಯಾದಷ್ಟೂ ಡಾಕ್ಟರುಗಳ ದನಿ ಅಣಕಿಸಿ ರೋಗಿಗಳನ್ನು ನಗಿಸುತ್ತಿದ್ದಳು, ಸಂಜೆ ತಿಮೋತಿಯೋ ಮೈಕು ಹಿಡಿದು ನಿಂತಿರುತ್ತಾನೆ, ಅತಿಥಿ ಬಂದರು ದಾರಿ ಬಿಡಿ, ಎಳೆಸಬೇಕಿತ್ತೇನೋ, ಇಸ್ತ್ರಿಪೆಟ್ಟಿಗೆ ಕಾದಿತ್ತು, ಒಂದು ಎಳೆ, ಅಷ್ಟೇ ತಾನೇ — ಬೋಳುತಲೆಯವನು ಕಾಗದವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ, ಓರೆ ಮಾಡಿದ, ಇನ್ನಷ್ಟು ಓರೆ ಮಾಡಿದ, ಆಮೇಲೆ ಅವನೂ, ಅವನೂ ಉಗುರಿನಿಂದ ತಳ್ಳಿದ.

ಬರಲಿಲ್ಲ. ಅವನು ಏನೋ ಅಂದ, ಹುಡುಗಿ ಮೊದಲ ಸಲ ನಕ್ಕಳು, ವಾಪಸ್ಸು ಬಂದು ಕೂತಳು, ಓರೆ ಹಿಡಿದ್ರೆ ಮೊಹರು ಕಾಣ್ತದಂತೆ, ನಂಬರೂ ನಮ್ಮ ಕಡತದ ಜೊತೆ ತಾಳೆ ಆಯ್ತು, ನಡೀತದಂತೆ, ಸರ್ ಹೇಳಿದ್ರು, ಅವರ ಅಮ್ಮ ಅವರ ನೌಕರಿ ಆರ್ಡರನ್ನೂ ಹಿಂಗೇ ಮಾಡಿದಾರಂತೆ, ಇನ್ಮೇಲೆ ಹಾಕಿಸ್ಬೇಡಿ ಅಮ್ಮಾ, ಇಲ್ಲ ಮಗಳೇ, ಇನ್ನು ಹಾಕಿಸುವವರಿಲ್ಲ, ಎಂದದ್ದು ಅವಳ ಬಾಯೋ ಮನಸ್ಸೋ, ಭುಜದ ಮೇಲಿಂದ ಒಂದು ಅಕ್ಕಿಮೂಟೆ ಇಳಿದು ಬಿದ್ದ ಹಾಗೆ, ಉಸಿರು ಎಲ್ಲಿತ್ತೋ ಅಲ್ಲಿಂದ ಬಂತು, ಕಿವಿ ಕಾಣ್ಬೇಕು, ಕೂದಲು ಹಿಂದೆ ಮಾಡ್ಕೊಳಿ, ಹಲ್ಲು ಬೇಡ, ಕ್ಯಾಮೆರಾ ನೋಡಿ, ಹಲ್ಲು ಬೇಡ ಅಮ್ಮಾ, ಏನು ಮಾಡಲಿ, ಹಲ್ಲು ಮುಚ್ಚಿದರೆ ಕಣ್ಣು ನಗುತ್ತದೆ, ನಾಲ್ಕನೇ ಸಲಕ್ಕೆ ಹುಡುಗಿಯೇ ಸೋತು ಒಪ್ಪಿಕೊಂಡಳು, ರಸೀದಿ ಕೈಗಿತ್ತಳು.

ಹಿಂದಿನ ಕುರ್ಚಿಯ ಹೆಂಗಸು ಹರ್ಮಿನಿಯಾಳ ಕೈ ಹಿಸುಕಿದಳು, ಟೋಪಿಯವನು ಆಯ್ತಾ ಅಂದ, ಆಯ್ತು, ಹಾಗಾದ್ರೆ ಈಗ ಹೇಳಿ, ಜೀಪ್ನಿ ಬಗ್ಗೆ ನಿಮ್ಮ ಅಭಿಪ್ರಾಯ ಏನು, ಅಕ್ಕ ಹೇಳಕ್ಕೆ ಶುರು ಮಾಡಿದ್ರೆ ನಿಮ್ಮ ಸರದಿ ತಪ್ಪೋಗ್ತದೆ ಎಂದಳು ಸಿಯೋನಿ, ಬಿಬಿಂಕಾ ಬಿಚ್ಚಿ ಅವರಿಗೂ ಒಂದೊಂದು ಕೊಟ್ಟಳು, ಕೊಡುವಾಗ ಕಣ್ಣೊರೆಸಿಕೊಂಡಳು, ಹೊಗೆ ಎಂದಳು, ಮಾಲಿನೊಳಗೆ ಎಲ್ಲಿಯ ಹೊಗೆ, ಸಂಜೆ ಮೊದಲ ಸಾಲಿನಲ್ಲೇ ಕೂರಬೇಕು, ರಸೀದಿಯನ್ನು ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳಬೇಕು, ಅವನು ಮನಾಂಗ್ ಎನ್ನುವ ಮೊದಲೇ ಏಳಬೇಕು, ಎದ್ದು ಚರಂಡಿಯ ಸೀಮಂತದಿಂದ ಶುರು ಮಾಡಿ — ಹಾ, ಇನ್ನೊಂದು, ಆ ಹುಡುಗಿ ಕಾಗದವನ್ನು ಯಂತ್ರದೊಳಗಿಟ್ಟಾಗ ಪರದೆಯ ಮೇಲೆ ಬಂದಿತ್ತಲ್ಲ, ಹಣೆಯ ಮೇಲೆ ಅಡ್ಡಕ್ಕೆ ಒಂದು ಕಪ್ಪು ಗೆರೆ, ಬಿಳಿಯದು ಅಲ್ಲಿ ಕಪ್ಪಾಗಿತ್ತು, ಆಚೆ ದಡದ ದ್ವೀಪಕ್ಕೆ ದೋಣಿ ಹತ್ತಿದ್ದು ಬಿಟ್ಟರೆ ಎಲ್ಲಿಗೂ ಹೋಗದ ಅಮ್ಮ, ಪಾಸ್‌ಪೋರ್ಟ್ ಅಂದರೆ ನಂಗ್ಯಾಕೆ ಅಂದವಳು, ಈಗ ಸರ್ಕಾರದ ಕಡತದೊಳಗೆ, ಮಗಳ ಹಣೆಯ ಮೇಲೆ, ಹಾಯಾಗಿ ಮಲಗಿದ್ದಾಳೆ, ಹರ್ಮಿನಿಯಾ ಎಸ್ಕಲೇಟರಿನ ಬುಡದಲ್ಲಿ ನಿಂತಳು, ಚೀಲದಿಂದ ಪ್ರಮಾಣಪತ್ರ ತೆಗೆದಳು, ಉಗುರು ಮುಂದೆ ಮಾಡಿದಳು, ಮೆಲ್ಲಗೆ ತಳ್ಳಿದಳು, ಕೂದಲು, ಒಂದೇ ಒಂದು, ಬಿಳಿ, ಅಲುಗಲಿಲ್ಲ.