ಬೆಂದ ಗೂಡು

ಬೇಯುವ ರೇಷ್ಮೆಗೂಡಿನ ವಾಸನೆ ಎಂದರೆ ಚಿಕ್ಕಂದಿನಲ್ಲಿ ಶೈಸ್ತಾಗೆ ಅಬ್ಬಾನ ತೊಡೆ. ನೂಲು ತೆಗೆದು ಬಂದು ಕೂತ ಅವರ ಲುಂಗಿಯಲ್ಲಿ ಆ ಹಸಿ ನಾತ ಇರುತ್ತಿತ್ತು. ಅದರಲ್ಲೇ ಮುಖ ಹುದುಗಿಸಿ ನಿದ್ದೆ ಹೋಗುತ್ತಿದ್ದಳು. ಈಗಲೂ ಅದೇ ವಾಸನೆಯಲ್ಲಿ ಕೂತಲ್ಲೇ ಕಣ್ಣು ಮುಚ್ಚಿಹೋಗಿತ್ತು. ಬೆಚ್ಚಿ ಕಣ್ಣು ಬಿಟ್ಟರೆ ಎದುರಿನ ಬಿಸಿನೀರ ತೊಟ್ಟಿಯಲ್ಲಿ ಗೂಡೆಲ್ಲ ಬೆಂದು ಅಂಬಲಿಯಾಗಿತ್ತು. ಎಳೆ ಹಿಡಿಯಲು ಹೋದರೆ ಕೈಗೆ ಬರಿಯ ಲೋಳೆ.

"ಮಲಗಿದ್ಯಾ?" ಕಾರ್ಖಾನೆಯ ಸೂಪರ್‌ವೈಸರ್ ಮೋಹನ್‌ಬಾಬು ಬೆನ್ನ ಹಿಂದೆಯೇ ನಿಂತಿದ್ದ. "ನಿದ್ದೆ ಮನೇಲಿ ಮಾಡ್ಬೇಕಮ್ಮ. ಇದೇನು ಛತ್ರ ಅಲ್ಲ."

"ಮನೆಗೆ ಕಳಿಸಿದ್ರೆ ತಾನೆ ಸಾರ್ ಮಾಡೋದು?"

ರಾತ್ರಿ ಪಾಳಿ ಮುಗಿಸಿ ಎದ್ದವಳನ್ನು, ಹಗಲು ಪಾಳಿಯ ಗುಲ್ಷನ್ ಬಂದಿಲ್ಲವೆಂದು ಬೆಳಿಗ್ಗೆ ಮತ್ತೆ ಕೂರಿಸಿದ್ದು ಅವನೇ. ಹೋದ ವಾರ ಹಗಲು, ಈ ವಾರ ರಾತ್ರಿ, ಇವತ್ತು ಎರಡೂ.

"ಸಾಯಂಕಾಲದ ಗಂಟ ಅಡ್ಜಸ್ಟ್ ಮಾಡ್ಕೊ. ಈಗ ಎದ್ದೋದ್ರೆ ಮತ್ತೆ ಈ ಕಡೆ ಬರಲೇಬೇಡ."

ಶೈಸ್ತಾ ಸ್ಟೂಲು ಒದ್ದು ಎದ್ದಳು. "ಬರಲ್ಲ! ನಿನ್ನೆ ಹಗಲು ಮಲಗಿದ್ದೆ. ತಟ್ಟೆ ಬೀಳಿಸಿದ್ಲು ಅಂತ ನನ್ ಮಗಳು ಸಾಬ್ರೀನ್ ಕೆನ್ನೆಗೆ ಹೊಡೆದೆ. ಇನ್ನೂ ಮಗು ಸಾರ್ ಅದು. ಅಳೋಕೂ ಹೆದರ್ಕೊಂಡು ಬಾಯಿ ಮುಚ್ಕೊಂಡ್ಳು. ನಿಮ್ ಶಿಫ್ಟು ನನ್ನ ಏನ್ ಮಾಡಿಟ್ಟೈತೆ ನೋಡಿ!"

ಪಕ್ಕದ ತೊಟ್ಟಿಯ ಆಂಜಿನಮ್ಮ ನೀರಿನಿಂದ ಕೈ ತೆಗೆದಳು. ಜಂಗಮಕೋಟೆಯವಳು; ಅವಳದು ಹುಳು ಸಾಕುವ ಮನೆ.

"ಅಲ್ಲ ಕಣಪ್ಪ ಮೋಹನಾ, ಹುಳ ಪೊರೆ ಬಿಡಾಕೆ ಜ್ವರಕ್ಕೆ ಕೂತ್ರೆ ನಾವು ಸೊಪ್ಪೂ ಹಾಕಲ್ಲ, ಮುಟ್ಟೋದೂ ಇಲ್ಲ. ಪಾಪ, ಮಲಗ್ಲಿ ಬಿಡು ಅಂತೀವಿ. ಹುಳಕ್ಕಿರೋ ಮರ್ಯಾದೆ ಈ ಹೆಣ್ಣಿಗಿಲ್ವಾ?"

"ನೀನು ನಿನ್ ಕೆಲಸ ನೋಡಮ್ಮ."

"ನೋಡಲ್ಲ. ನಿನ್ ಕಣ್ಣೂ ಕೆಂಡ ಆಗೈತೆ, ನೀನೂ ನಿನ್ನೆಯಿಂದ ಇಲ್ಲೇ ಬಿದ್ದಿದ್ದೀಯ. ನಿಂಗಾದ್ರೂ ಗೊತ್ತಾಗಬಾರ್ದಾ?"

ಅವಳು ಒದ್ದೆ ಕೈಗಳನ್ನು ಎದೆಗೆ ಕಟ್ಟಿಕೊಂಡಳು. ಆಚೆ ತೊಟ್ಟಿಯ ಕೈಗಳೂ ನೀರಿನಿಂದ ಹೊರಬಂದವು. ಆಮೇಲೆ ಇಡೀ ಸಾಲಿನವು. ರಾಟೆಗಳು ಎಳೆಯಿಲ್ಲದೆ ಸುಮ್ಮನೆ ತಿರುಗಿದವು.

ಮೋಹನ್‌ಬಾಬು ಆ ತುದಿಯಿಂದ ಈ ತುದಿಗೆ ನೋಡಿದ. "ಹೋಗು. ನಾಳೆ ಲೇಟಾದ್ರೆ ಮಾತ್ರ ಸುಮ್ನಿರಲ್ಲ," ಎಂದವನೇ ತನ್ನ ಕೋಣೆಯ ಬಾಗಿಲನ್ನು ದಢಾರನೆ ಹಾಕಿಕೊಂಡ.

ಗೆದ್ದೆ ಅನಿಸಲಿಲ್ಲ ಶೈಸ್ತಾಗೆ. ಸಿಟ್ಟು ಇಳಿದಿರಲಿಲ್ಲ, ಚಪ್ಪಲಿ ಕಾಲಿಗೆ ಸಿಗದೆ ಎರಡು ಸಲ ತಪ್ಪಿತು. ಮನೆಗೆ ಹೋಗಿ ಒಲೆ ಹಚ್ಚಬೇಕಲ್ಲ ಎಂದು ನೆನೆದಾಗ ಮೈ ಇನ್ನಷ್ಟು ಉರಿಯಿತು.

ಆಂಜಿನಮ್ಮ ಮೊಳೆಗೆ ತೂಗುಹಾಕಿದ್ದ ಚೀಲದಿಂದ ತನ್ನ ಬುತ್ತಿಯ ಡಬ್ಬಿ ತೆಗೆದಳು. ಬಟ್ಟೆಯ ಗಂಟು ಬಿಗಿಯಾಗಿದೆಯೇ ಎಂದು ಒಮ್ಮೆ ಮುಟ್ಟಿ ನೋಡಿ, ಶೈಸ್ತಾಳ ಕೈಗಿಟ್ಟು, ತೊಟ್ಟಿಯ ಮುಂದೆ ಹೋಗಿ ಕೂತಳು.