ಮೂರು ಪದರ ವಾರ್ನಿಷ್

ಅಮ್ಮನ ಕಪ್ಪು ಕೋಟಿಗಾಗಿ ಬೀರುವಿನೊಳಗೆ ಭುಜದವರೆಗೆ ಕೈ ತೂರಿಸಿದ ಲೊರೆಟ್ಟಾಳ ಮೂಗಿಗೆ ಮೊದಲು ಹೊಡೆದದ್ದು ಗ್ರೀಸಿನ ವಾಸನೆ. ತುಕ್ಕು ಹಿಡಿಯದಿರಲೆಂದು ಸೇನೆಯವರು ರೈಫಲ್‌ಗಳಿಗೆ ಮೆತ್ತಿಡುತ್ತಿದ್ದ ಕಂದು ಬಣ್ಣದ ಗ್ರೀಸು. ಮೇಣ, ಸೀಮೆಎಣ್ಣೆ, ಟಾರು ಮೂರನ್ನೂ ಒಟ್ಟಿಗೆ ಕುದಿಸಿದಂಥದು. ಅವಳ ಬಾಲ್ಯದ ಶನಿವಾರಗಳಿಗೆಲ್ಲ ಇದೇ ವಾಸನೆ. ಅಂಚೆಯಲ್ಲಿ ಉದ್ದನೆಯ ಪೆಟ್ಟಿಗೆ ಬರುತ್ತಿತ್ತು. ಅಪ್ಪ ಸ್ನಾನದ ತೊಟ್ಟಿಗೆ ಕುದಿಯುವ ನೀರು ಸುರಿದು, ಯಾವುದೋ ದೇಶದ ಸೈನ್ಯಕ್ಕೆ ಬೇಡವಾದ ರೈಫಲ್ಲನ್ನು ಕೂಸಿನಂತೆ ಮೀಯಿಸುತ್ತಿದ್ದ. ಮಗಳ ಸರದಿ ಆಮೇಲೆ, ಅದೇ ತೊಟ್ಟಿಯಲ್ಲಿ. ಮರುದಿನ ಚರ್ಚಿನಲ್ಲಿ ಪಕ್ಕದ ಹುಡುಗಿಯರು ಮೂಗು ಹಿಡಿದು ಜರುಗಿ ಕೂರುತ್ತಿದ್ದರು.

"ಸಿಕ್ತೇನೇ?" ಹಾಸಿಗೆಯ ಅಂಚಿನಲ್ಲಿ ಕೂತಿದ್ದ ಅಮ್ಮ ಎರ್ಮಾ ಕೇಳಿದಳು. ಅವಳಿಗೆ ಎಂಬತ್ತೊಂದು. ಇನ್ನರ್ಧ ಗಂಟೆಯಲ್ಲಿ ಗಂಡನನ್ನು ಮಣ್ಣು ಮಾಡಲು ಹೊರಡಬೇಕಿತ್ತು.

"ಸಿಕ್ತು. ವಾಸನೆ ಹಿಡಿದಿದೆ."

"ಇರ್ಲಿ ಬಿಡು. ನಮ್ಮನೆ ವಾಸನೆ ಈ ಊರಲ್ಲಿ ಯಾರಿಗೆ ಗೊತ್ತಿಲ್ಲ." ಎರ್ಮಾ ತೋಳು ಚಾಚಿದಳು. "ಊಟಕ್ಕೆ ನಿಮ್ಮಪ್ಪನ ಬಂದೂಕು ಕ್ಲಬ್ಬಿನೋರೆಲ್ಲ ಬರ್ತಾರೆ ಅಲ್ವಾ? ಇವತ್ತು ಹೇಳಿಬಿಡ್ತೀನಿ ಕಣೇ."

"ಏನು ಹೇಳ್ತೀಯ?"

"ಆ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆ ಹೊಳಪು ಕೊಟ್ಟಿದ್ದು ನಾನು ಅಂತ. ಐವತ್ತು ವರ್ಷ ಬಾಯಿ ಮುಚ್ಕೊಂಡಿದ್ದೀನಿ. ನಿಮ್ಮಪ್ಪ ಹೇಳೋಕೇ ಬಿಡ್ಲಿಲ್ಲ. 'ಗೊತ್ತಾದ್ರೆ ಊರೋರೆಲ್ಲ ಅವರವರ ಬಂದೂಕು ತಂದು ನಿನ್ನ ಮುಂದೆ ಗುಡ್ಡೆ ಹಾಕ್ತಾರೆ, ಆಮೇಲೆ ನನಗೆ ಅಡುಗೆ ಮಾಡೋರು ಯಾರು' ಅಂತಿದ್ದ."

ಲೊರೆಟ್ಟಾ ಕೋಟಿನ ಗುಂಡಿ ಹಾಕುತ್ತಿದ್ದವಳು ಒಂದು ಗುಂಡಿ ತಪ್ಪಿಸಿ ಹಾಕಿದಳು. ಹಳೆಯ ರೈಫಲ್ ಸಂಗ್ರಹಿಸುವವರ ಲೋಕದಲ್ಲಿ ಕೊಲೆಗೂ ಕ್ಷಮೆ ಸಿಗಬಹುದು. ಸೇನೆ ಕೊಟ್ಟ ಮರವನ್ನು ಉಜ್ಜಿ ವಾರ್ನಿಷ್ ಬಳಿದವರಿಗೆ ಸಿಗುವುದಿಲ್ಲ. ಸೇನೆಯ ಗೀರು, ಮುದ್ರೆ ಅಳಿದ ರೈಫಲ್ಲು ಅವರ ಪಾಲಿಗೆ ಸೌದೆ. ಇದು ಅಮ್ಮನಿಗೆ ಗೊತ್ತಿಲ್ಲ. ಗೊತ್ತಾಗದಂತೆ ಕಾಯ್ದುಕೊಂಡು ಬಂದವರು ಇಬ್ಬರು. ಅವರಲ್ಲೊಬ್ಬ ಈಗ ಪೆಟ್ಟಿಗೆಯಲ್ಲಿ ಮಲಗಿದ್ದ.

"ಇವತ್ತೇ ಯಾಕಮ್ಮಾ? ಇನ್ನೊಂದಿನ ಹೇಳಿದ್ರಾಯ್ತು."

"ಇನ್ನೊಂದಿನ ಅವರು ಈ ಮನೆಗೆ ಯಾಕೆ ಬರ್ತಾರೆ?" ಎಂದಳು ಎರ್ಮಾ.

ಕೆಳಗೆ ಕಾರು ಬಂದು ನಿಂತ ಸದ್ದಾಯಿತು. ರೈಫಲ್ಲನ್ನು ಎಲ್ಲಾದರೂ ಬಚ್ಚಿಡೋಣವೆಂದರೆ ಹೊತ್ತಿರಲಿಲ್ಲ.

*

ಲೊರೆಟ್ಟಾಳ ಅಪ್ಪ ವೆಂಡೆಲ್ ಯೋಸ್ಟ್ ಸ್ಲೇಟುಕಲ್ಲಿನ ಗಣಿಯಲ್ಲಿ ಮೂವತ್ತೆಂಟು ವರ್ಷ ದುಡಿದವನು. ಆ ವಿಷಯಕ್ಕೆ ಪಾದ್ರಿ ಒಂದು ವಾಕ್ಯ ಕೊಟ್ಟರು. ಉಳಿದಂತೆ ಹೇಳಲು ಅವರಿಗೂ ಹೆಚ್ಚೇನೂ ಸಿಕ್ಕಿರಲಿಲ್ಲ. ಸತ್ತವನು ಯಾರನ್ನೂ ಮೆಚ್ಚಿದವನಲ್ಲ. ಪೆನ್ಸಿಲ್ವೇನಿಯಾದ ಅಷ್ಟೂ ಬಂದೂಕು ಸಂತೆಗಳಲ್ಲಿ ಅವನು ಬಂದನೆಂದರೆ ವ್ಯಾಪಾರಿಗಳು ಮೇಜಿನ ಮೇಲಿನ ಅರ್ಧ ಸರಕನ್ನು ಕೆಳಗಿಡುತ್ತಿದ್ದರು. ಜೇಬಿನಿಂದ ಟಾರ್ಚು ತೆಗೆದು ನಳಿಗೆಯೊಳಗೆ ಇಣುಕುವನು. ನಳಿಗೆಯ ಬಾಯಿಗೆ ಗುಂಡೊಂದನ್ನು ಇಳಿಬಿಟ್ಟು ಎಷ್ಟು ಸವೆದಿದೆಯೆಂದು ನೋಡುವನು. ಬೋಲ್ಟಿನ ಮೇಲೆ ಕೆತ್ತಿದ ಅಂಕಿಯನ್ನೂ ಬಂದೂಕಿನ ಮೈಮೇಲಿನ ಅಂಕಿಯನ್ನೂ ಉಗುರಿನಿಂದ ತಡವಿ, ಎರಡೂ ಒಂದೇ ಬಂದೂಕಿನವೇ ಎಂದು ಹೋಲಿಸುವನು. ಆಮೇಲೆ ಇಡೀ ಸಂತೆಗೆ ಕೇಳುವಂತೆ ತೀರ್ಪು. ಹನ್ನೊಂದು ವರ್ಷದ ಹಿಂದೆ ವ್ಯಾಪಾರಿ ಡೆಲ್ಬರ್ಟ್ ಸ್ನೈಡರನ ಮೇಜಿನ ಮುಂದೆ ನಿಂತು, "ಈ ಅಂಕಿ ಹೋದ ವಾರ ಹುಟ್ಟಿದ್ದು. ಇನ್ನೂ ಹೊಕ್ಕಳ ಒಣಗಿಲ್ಲ" ಎಂದಿದ್ದ. ಅವತ್ತು ಡೆಲ್ಬರ್ಟನ ಬಳಿ ಒಬ್ಬರೂ ಏನೂ ಕೊಳ್ಳಲಿಲ್ಲ.

ಆ ಡೆಲ್ಬರ್ಟ್ ಈಗ ಸಮಾಧಿಯ ಪಕ್ಕದಲ್ಲೇ ನಿಂತಿದ್ದ. ಅವನ ಕರಿಕೋಟಿನ ಜೇಬು ಉಬ್ಬಿತ್ತು. ಟಾರ್ಚು ತಂದಿದ್ದಾನೆಂದು ಲೊರೆಟ್ಟಾಗೆ ನೋಡಿದೊಡನೆ ತಿಳಿಯಿತು. ಪೆಟ್ಟಿಗೆ ಹೊತ್ತವರು ಎರ್ಮಾಳ ನಡಿಗೆಗೆ ಸರಿಯಾಗಿ ತಮ್ಮ ಹೆಜ್ಜೆಯನ್ನು ಗಿಡ್ಡ ಮಾಡಿಕೊಂಡು ಬರುತ್ತಿದ್ದರು. ಯಾರೂ ಹೇಳಿರಲಿಲ್ಲ. ಡೆಲ್ಬರ್ಟ್ ಮಾತ್ರ ಕೈಗಡಿಯಾರ ನೋಡಿಕೊಂಡ.

"ಪಾಪ, ನಿಮ್ಮಮ್ಮಂಗೆ ಅಷ್ಟೊಂದು ಬಂದೂಕು ಇಟ್ಕೊಂಡು ಏನು ಮಾಡೋಕಾಗುತ್ತೆ?" ಪಾದ್ರಿ 'ಆಮೆನ್' ಎನ್ನುವುದಕ್ಕೆ ಮೊದಲೇ ಅವನು ಲೊರೆಟ್ಟಾಳ ಕಿವಿಯ ಹತ್ತಿರ ಬಗ್ಗಿದ. "ಮೂವತ್ತಕ್ಕೆ ಮೂವತ್ತೂ ನಾನೇ ಹೊತ್ಕೊಂಡು ಹೋಗ್ತೀನಿ. ನಿಮಗೆ ತಲೆನೋವು ತಪ್ಪುತ್ತೆ."

"ಅಪ್ಪನ್ನ ಇನ್ನೂ ಕೆಳಗಿಳಿಸಿಲ್ಲ, ಡೆಲ್ಬರ್ಟ್."

"ಅದೇ ನಾನೂ ಹೇಳಿದ್ದು. ನಿಧಾನವಾಗಿ ಯೋಚನೆ ಮಾಡಿ. ಊಟ ಆದ್ಮೇಲೆ ಹೇಳಿ."

*

ಐವತ್ತು ವರ್ಷದ ಹಿಂದೆ, ಲೊರೆಟ್ಟಾಗೆ ಆಗ ಎಂಟು. ಗಣಿಯಲ್ಲಿ ಕಾಲು ಮುರಿದುಕೊಂಡು ಅಪ್ಪ ಏಳು ವಾರ ಆಸ್ಪತ್ರೆಯಲ್ಲಿದ್ದ. ಬಂದೂಕಿನ ಹುಚ್ಚು ಆಗಿನ್ನೂ ಹೊಸದು, ಮನೆಯಲ್ಲಿದ್ದದ್ದು ನಾಲ್ಕು ರೈಫಲ್ಲು. ಅದರಲ್ಲಿ ಅವನು ದಿನಾ ಮುಟ್ಟಿ ನೋಡುತ್ತಿದ್ದದ್ದು ಸ್ಪ್ರಿಂಗ್‌ಫೀಲ್ಡ್. ಅಡ್ಡಾದಿಡ್ಡಿ ಗೀರುಗಳ ಮಾಸಲು ಮರ, ಎಡಗಡೆಗೆ ಸೇನೆಯ ತಪಾಸಣೆಗಾರನೊಬ್ಬ ತನ್ನ ಹೆಸರಿನ ಅಕ್ಷರಗಳನ್ನು ಒತ್ತಿದ ಚೌಕದ ಮುದ್ರೆ. ಇಷ್ಟು ಒಳ್ಳೆಯ ಬಂದೂಕಿಗೆ ಇಷ್ಟು ಕೊಳಕು ಮರವೇ ಎಂದು ಅಮ್ಮನಿಗೆ ಕನಿಕರ. ಹಿತ್ತಲಿನಲ್ಲಿ ಕೂತು ಮೂರು ಮಧ್ಯಾಹ್ನ ಸ್ಯಾಂಡ್‌ಪೇಪರಿನಿಂದ ಉಜ್ಜಿದಳು. ಗೀರು ಹೋಯಿತು, ಮುದ್ರೆಯೂ ಹೋಯಿತು. ಒಂದೊಂದು ಪದರ ಒಣಗಲು ಎರಡೆರಡು ದಿನ ಬಿಟ್ಟು ಮೂರು ಪದರ ವಾರ್ನಿಷ್ ಬಳಿದಳು. ಅವಳ ಬೆರಳ ತುದಿಗಳು ಸಿಪ್ಪೆ ಎದ್ದಿದ್ದವು.

ಅಪ್ಪ ಊರುಗೋಲಿನ ಮೇಲೆ ಬಂದ. ಅಡುಗೆಮನೆಯ ಮೇಜಿನ ಮೇಲೆ ಪಿಯಾನೋದ ಹಾಗೆ ಹೊಳೆಯುತ್ತಿದ್ದ ರೈಫಲ್ಲನ್ನು ನೋಡಿದ. ಆಮೇಲೆ ಅಮ್ಮನ ಬೆರಳು ನೋಡಿದ.

"ಹೊಳೀತಾ ಇದೆ" ಎಂದ.

ಆ ತಿಂಗಳು ಕ್ಲಬ್ಬಿನ ಸಭೆಗೆ ಅದನ್ನು ಯಾಕೆ ಒಯ್ದನೋ. ಅಮ್ಮ ಬಟ್ಟೆಯಲ್ಲಿ ಸುತ್ತಿ ತಾನೇ ಟ್ರಕ್ಕಿನಲ್ಲಿಟ್ಟಿದ್ದಳು, ಬೇಡವೆನ್ನಲು ಆಗಲಿಲ್ಲವೇನೋ. ಲೊರೆಟ್ಟಾ ಮೂಲೆಯಲ್ಲಿ ಸೋಡಾ ಕುಡಿಯುತ್ತಿದ್ದಳು. ಅಪ್ಪ ಬಂದೂಕಿಗೆ ಸುತ್ತಿದ್ದ ಬಟ್ಟೆ ತೆಗೆದ. ಆಮೇಲೆ ನಗು. ಯಾವ ಕತ್ತೆ ಮಾಡಿದ್ದೋ ಇದು, ಎಂದು ಯಾರೋ ಕೇಳಿದರು.

"ನಾನೇ" ಎಂದ ಅಪ್ಪ.

ಹಿಂದಿರುಗುವಾಗ ಟ್ರಕ್ಕಿನಲ್ಲಿ ಅವನು ಮಗಳೊಂದಿಗೆ ಆಡಿದ್ದು ಒಂದೇ ಮಾತು. "ಮನೇಲಿ ಹೇಳ್ಬೇಡ."

ಇದು ನೆನಪಾದಾಗಲೆಲ್ಲ ಲೊರೆಟ್ಟಾಗೆ ಸಿಟ್ಟೇ ಬರುತ್ತಿತ್ತು. ಅಷ್ಟು ಮೃದುವಾಗಬಲ್ಲವನು ಉಳಿದ ಐವತ್ತು ವರ್ಷ ಅಮ್ಮನ ರೊಟ್ಟಿಯನ್ನು, ಅಮ್ಮನ ತಮ್ಮಂದಿರನ್ನು, ಅಮ್ಮ ಕಾರು ನಿಲ್ಲಿಸುವುದನ್ನು ಹೀಯಾಳಿಸಿಕೊಂಡೇ ಬಂದ. ನಗೆಪಾಟಲಾದ ಆ ಒಂದು ಸಂಜೆಯ ಬಾಕಿಯನ್ನು ಲೋಕದಿಂದೆಲ್ಲ ವಸೂಲು ಮಾಡಿದ. ಆ ರೈಫಲ್ಲಿನ ವಿಷಯವೊಂದನ್ನು ಮಾತ್ರ ಬಿಟ್ಟು.

*

ಅಡುಗೆಮನೆಯಲ್ಲೂ ಊಟದ ಮನೆಯಲ್ಲೂ ಜನ ತುಂಬಿದ್ದರು. ಚರ್ಚಿನ ಹೆಂಗಸರು ತಂದ ಹ್ಯಾಮು, ಚೀಸು ಸುರಿದು ಬೇಯಿಸಿದ ಆಲೂಗಡ್ಡೆ, ಸಾವಿನ ಮನೆಗೆಂದೇ ಮಾಡುವ ಒಣದ್ರಾಕ್ಷಿಯ ಪೈ. ಕ್ಲಬ್ಬಿನ ಗಂಡಸರು ಸತ್ತವನನ್ನು ಆಗಲೇ ಮರೆತು ಜಿಂಕೆ ಬೇಟೆಯ ಮಾತಿಗಿಳಿದಿದ್ದರು. ಕೈ ನಡುಗುವ ಮುದುಕ ರಸ್ಸೆಲ್‌ಗೆ ಯಾರೋ ಹ್ಯಾಮನ್ನು ಸಣ್ಣಗೆ ಕತ್ತರಿಸಿಟ್ಟಿದ್ದರು. ವೆಂಡೆಲ್‌ನ ಓರಗೆಯವರಲ್ಲಿ ಉಳಿದವನು ಅವನೊಬ್ಬನೇ.

ಡೆಲ್ಬರ್ಟ್ ಕಾಣಲಿಲ್ಲ. ಲೊರೆಟ್ಟಾ ನೆಲಮಾಳಿಗೆಗೆ ಇಳಿದಳು.

ಅವನು ಟಾರ್ಚು ಹಿಡಿದು ಗೋಡೆಯ ಮೇಲಿನ ಬಂದೂಕುಗಳ ಸಾಲಿನ ನಡುಭಾಗಕ್ಕೆ ಬಂದಿದ್ದ. "ಇದರ ನಳಿಗೆ ಚರಂಡಿ. ಇದರ ಬೋಲ್ಟು ಬೇರೆಯದು. ಇದು ಕಸ, ಇದೂ ಕಸ" ಎನ್ನುತ್ತ ಬಂದ. ಸ್ವೀಡಿಷ್ ರೈಫಲ್ಲೊಂದನ್ನು ಎರಡು ಸಲ ಬೈದ, ಎರಡೂ ಸಲ ಮತ್ತೆ ಕೈಗೆತ್ತಿಕೊಂಡ.

"ಅಷ್ಟು ಬೈತಾ ಇದ್ದೀರಿ ಅಂದ್ರೆ ಅದು ತುಂಬಾ ಒಳ್ಳೇದೇ ಇರ್ಬೇಕು" ಎಂದಳು ಲೊರೆಟ್ಟಾ. "ನಾನು ವೆಂಡೆಲ್ ಯೋಸ್ಟ್ ಮಗಳು, ಡೆಲ್ಬರ್ಟ್. ಮೇಲೆ ನಡೀರಿ."

ಅವನ ಮುಖ ಕೆಂಪಾಯಿತು. ಆಗಲೇ ಟಾರ್ಚಿನ ಬೆಳಕು ಸಾಲಿನ ಮೊದಲನೆಯದರ ಮೇಲೆ ಬಿದ್ದು ಕಣ್ಣಿಗೆ ಹೊಡೆಯಿತು. ಅವನು ಹತ್ತಿರ ಹೋದ. ಉಜ್ಜಿ ಉಜ್ಜಿ ಮರ ಕಬ್ಬಿಣಕ್ಕಿಂತ ತಗ್ಗಿದ್ದ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಮುದ್ರೆ ಇರಬೇಕಾದಲ್ಲಿ ಸವರಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ.

"ಅಯ್ಯೋ ದೇವರೇ! ವೆಂಡೆಲ್ ಮನೇಲಿ!"

"ಅದನ್ನ ಅಲ್ಲೇ ಇಡಿ."

"ಹನ್ನೊಂದು ವರ್ಷ ಕಾದಿದ್ದೀನಮ್ಮಾ ಇದಕ್ಕೆ."

ಅವಳು ತೋಳು ಹಿಡಿದಳು. ಅವನು ಕೊಸರಿಕೊಂಡು, ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋದ.

"ನೋಡ್ರಪ್ಪಾ ನೋಡ್ರಿ! ನಮಗೆಲ್ಲ ಪಾಠ ಹೇಳಿದ ಮೇಷ್ಟ್ರ ಮನೆ ಬಂದೂಕು!" ಊಟದ ಮನೆಯ ನಟ್ಟನಡುವೆ ಅದನ್ನು ಎತ್ತಿ ಹಿಡಿದ. ಕಿಟಕಿಯ ಬಿಸಿಲಿಗೆ ಅದು ಝಗ್ಗೆಂದಿತು. ಒಬ್ಬಿಬ್ಬರು ನಕ್ಕೇಬಿಟ್ಟರು. "ಸೌದೆ ಮಾಡಿಟ್ಟಿದ್ದಾನಲ್ರೋ! ಇನ್ನೂರು ಡಾಲರ್ ಕುರ್ಚೀಗೂ ಇಷ್ಟು ಬಳಿಯಲ್ಲ!"

ಎರ್ಮಾ ಆಲೂಗಡ್ಡೆಯ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೇಳಬೇಕೆಂದು ತೆರೆದಿದ್ದ ಬಾಯಿ ತೆರೆದ ಹಾಗೇ ಇತ್ತು.

"ಬಿಡಯ್ಯಾ, ಅದು ಹಳೇ ಕಥೆ" ಎಂದ ರಸ್ಸೆಲ್, ಒಳ್ಳೆಯ ಮನಸ್ಸಿನಿಂದಲೇ. "ಅರವತ್ತನಾಲ್ಕನೇ ಇಸವೀಲಿ ಅವನೇ ಕ್ಲಬ್ಬಿಗೆ ತಂದಿದ್ದ. ತಾನೇ ಹಾಳು ಮಾಡಿದೆ ಅಂತ ಒಪ್ಕೊಂಡ. ಇಡೀ ವರ್ಷ ವಾರ್ನಿಷ್ ವಾರ್ನಿಷ್ ಅಂತ ಕರೆದು ಸಾಯಿಸಿದ್ವಿ, ಪಾಪ. ಒಂದು ಸಲಾನೂ ತಿರುಗಿ ಮಾತಾಡ್ಲಿಲ್ಲ."

ಲೊರೆಟ್ಟಾ ನೆಲಮಾಳಿಗೆಯ ಬಾಗಿಲಿನಿಂದ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಅದರ ಮೇಲೆ ಮೊದಲು ಒಂದು ವಿಷಯ ಇಳಿಯಿತು, ರೈಫಲ್ಲು ಹಾಳಾಗಿತ್ತೆಂದು. ಸ್ವಲ್ಪ ತಡೆದು ಇನ್ನೊಂದು, ಅದನ್ನು ಗಂಡ ತನ್ನ ಮೇಲೆ ಹಾಕಿಕೊಂಡಿದ್ದನೆಂದು.

ಎರ್ಮಾ ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ಅವನು ಮಾಡಿದ್ದಲ್ಲ. ನಾನು ಮಾಡಿದ್ದು" ಎಂದಳು. "ಮೂರು ಪದರ."

ನಗುತ್ತಿದ್ದವರು ತಟ್ಟೆ ನೋಡಿಕೊಂಡರು. ರಸ್ಸೆಲ್‌ನ ಫೋರ್ಕು ತಟ್ಟೆಗೆ ತಗುಲಿ ಟಿಣಿಟಿಣಿ ಎನ್ನುತ್ತಿತ್ತು. ಪಕ್ಕದವನು ಮೆಲ್ಲಗೆ ಅವನ ಮುಂಗೈ ಹಿಡಿದುಕೊಂಡ.

ಡೆಲ್ಬರ್ಟ್‌ಗೆ ಮಾತ್ರ ಬಾಯಿ ಸುಮ್ಮನಿರಲಿಲ್ಲ. "ನೀವಾ? ಅಯ್ಯೋ, ಹೆಂಗಸರಿಗೆ ಹೇಗೆ ಗೊತ್ತಾಗುತ್ತೆ ಬಿಡಿ. ತಪ್ಪು ತಿಳ್ಕೋಬೇಡಿ ಎರ್ಮಾ. ಬೇರೆ ಬಂದೂಕುಗಳ ಜೊತೆ ಇದನ್ನೂ ಬೇಕಾದ್ರೆ ನಾನೇ..."

ಎರ್ಮಾ ಅವನ ಮಾತು ಮುಗಿಯುವ ತನಕ ನಿಲ್ಲಲಿಲ್ಲ. ಅಡುಗೆಮನೆಯ ಕಡೆ ತಿರುಗಿ ದೊಡ್ಡ ತಟ್ಟೆಯೊಂದನ್ನು ತೆಗೆದುಕೊಂಡಳು. ಹ್ಯಾಮಿನ ನಾಲ್ಕು ದಪ್ಪ ಹೋಳು ಇಟ್ಟಳು. ಒಂದನ್ನು ಬದಲಾಯಿಸಿ ಹೆಚ್ಚು ಕೊಬ್ಬಿಲ್ಲದ್ದನ್ನು ಇಟ್ಟಳು. ಆಲೂಗಡ್ಡೆ ಬಡಿಸಿದಳು, ಬೀನ್ಸ್ ಬಡಿಸಿದಳು, ಪೈ ಒದ್ದೆಯಾಗದಂತೆ ಬೇರೆ ಚಿಕ್ಕ ತಟ್ಟೆಯಲ್ಲಿಟ್ಟು ಅದನ್ನು ಮೇಲೆ ಕೂರಿಸಿದಳು. ಎಲ್ಲಕ್ಕೂ ಅಲ್ಯೂಮಿನಿಯಂ ಹಾಳೆ ಹೊದಿಸಿ, ಅಂಚುಗಳನ್ನು ಸುತ್ತಲೂ ಗಟ್ಟಿಯಾಗಿ ಮಡಿಚಿದಳು. ಹೊರಟು ನಿಂತವರಿಗೆ ದಾರಿಗೆಂದು ಕಟ್ಟಿಕೊಡುವ ಹಾಗೆ. ಉಳಿದವರ ಊಟ ಇನ್ನೂ ಅರ್ಧವೂ ಆಗಿರಲಿಲ್ಲ.

ಅವಳು ಬಂದು ಅದನ್ನು ಡೆಲ್ಬರ್ಟನ ಮುಂದೆ ಚಾಚಿದಳು. ತಟ್ಟೆ ಭಾರವಾಗಿತ್ತು, ಬಿಸಿಯೂ ಇತ್ತು. ಹಿಡಿಯಲು ಎರಡೂ ಕೈ ಬೇಕಿತ್ತು. ಅವನು ಸುತ್ತ ನೋಡಿದ. ಮೊದಲು ಬಂದೂಕನ್ನು ಕೆಳಗಿಡಬೇಕಾಯಿತು.